ಒಂದು, ಮೂರು, ಮೂರು, ಒಂದು

ಹೈಸ್ಕೂಲಿನಲ್ಲಿ ಕನ್ನಡ ಓದಿ ‘ಯಮಾತಾರಾಜಭಾನಸಲಗಂ’ ಬಾಯಿಪಾಠ ಮಾಡದವರು ಸಿಗುವುದು ಕಷ್ಟ. ಪದ್ಯದ ಸಾಲು ಕೊಡುತ್ತಾರೆ, ಪ್ರಸ್ತಾರ ಹಾಕಬೇಕು, ಗಣ ವಿಭಾಗಿಸಬೇಕು, ಛಂದಸ್ಸಿನ ಹೆಸರು ಬರೆಯಬೇಕು. ಅಂಕ ಗ್ಯಾರಂಟಿ. ಅಲ್ಲಿಗೆ ಅದರ ಸಹವಾಸ ಮುಗಿಯಿತು. ಅದೇ ಹುಡುಗ, ಹುಡುಗಿ ಎಸ್ಸೆಸ್ಸೆಲ್ಸಿ ದಾಟಿ ಪಿಯುಸಿ ಸೈನ್ಸಿಗೆ ಸೇರಿದರೆ ಮೊದಲ ವರ್ಷವೇ ಗಣಿತದಲ್ಲಿ ‘ದ್ವಿಪದ ಪ್ರಮೇಯ’ ಎದುರಾಗುತ್ತದೆ. (ಅ + ಬ)ಯ ಘನ ಬಿಡಿಸಿದರೆ ಅ³ + 3ಅ²ಬ + 3ಅಬ² + ಬ³. ಇದನ್ನೂ ಬಾಯಿಪಾಠ ಮಾಡುತ್ತಾರೆ. ಎರಡು ಪಾಠಗಳ ನಡುವೆ ಒಂದು ಬೇಸಿಗೆ ರಜೆಯಷ್ಟೇ ಅಂತರ. ಎರಡೂ ಒಂದೇ ಪಾಠವೆಂದು ಮಾತ್ರ ಯಾರೂ ಹೇಳುವುದಿಲ್ಲ.

ಎಂಟು ಗಣಗಳನ್ನು ಗುರುಗಳ ಲೆಕ್ಕದಲ್ಲಿ ಗುಡ್ಡೆ ಮಾಡಿ ನೋಡಿ. ಮೂರೂ ಗುರು ಇರುವುದು ಮಗಣ ಒಂದೇ. ಎರಡು ಗುರು, ಒಂದು ಲಘು ಇರುವವು ಮೂರು: ಯಗಣ, ರಗಣ, ತಗಣ. ಒಂದು ಗುರು, ಎರಡು ಲಘು ಇರುವವೂ ಮೂರು: ಭಗಣ, ಜಗಣ, ಸಗಣ. ಮೂರೂ ಲಘು ಇರುವುದು ನಗಣ ಒಂದೇ. ಒಂದು, ಮೂರು, ಮೂರು, ಒಂದು. ‘ಅ’ ಇದ್ದಲ್ಲಿ ಗುರು, ‘ಬ’ ಇದ್ದಲ್ಲಿ ಲಘು ಇಟ್ಟರೆ ಪಿಯುಸಿ ಸೂತ್ರವೇ ಇದು. ಕಾರಣವೂ ಸರಳ. ಮೂರು ಆವರಣಗಳನ್ನು ಗುಣಿಸುವುದೆಂದರೆ ಒಂದೊಂದರಿಂದ ಗುರುವನ್ನೋ ಲಘುವನ್ನೋ ಆರಿಸಿ ಸಾಲಾಗಿ ಇಡುವುದು. ಪ್ರಸ್ತಾರ ಹಾಕುವವನು ಮಾಡುವುದೂ ಇಷ್ಟೇ.

ಎರಡಕ್ಷರಕ್ಕೆ 1, 2, 1. ನಾಲ್ಕಕ್ಷರಕ್ಕೆ 1, 4, 6, 4, 1. ಇವನ್ನು ಒಂದರ ಕೆಳಗೊಂದು ಬರೆದರೆ ತ್ರಿಕೋನ ಬೆಳೆಯುತ್ತ ಹೋಗುತ್ತದೆ. ಅಂಚಿನಲ್ಲೆಲ್ಲ ಒಂದು, ಒಳಗಿನ ಪ್ರತಿ ಸಂಖ್ಯೆಯೂ ತಲೆಯ ಮೇಲಿನ ಎರಡರ ಮೊತ್ತ. ಪಠ್ಯಪುಸ್ತಕ ಇದನ್ನು ಪಾಸ್ಕಲನ ತ್ರಿಕೋನ ಎನ್ನುತ್ತದೆ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಇದರ ಬಗ್ಗೆ ಬರೆದದ್ದು 1654ರಲ್ಲಿ, ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1665ರಲ್ಲಿ. ನಮ್ಮ ಛಂದಶ್ಶಾಸ್ತ್ರದಲ್ಲಿ ಇದರ ಹೆಸರು ಮೇರುಪ್ರಸ್ತಾರ. ಹತ್ತನೆಯ ಶತಮಾನದ ಹಲಾಯುಧ, ಪಿಂಗಳನ ಛಂದಸ್ಸೂತ್ರಕ್ಕೆ ಬರೆದ ‘ಮೃತಸಂಜೀವನಿ’ ಎಂಬ ವ್ಯಾಖ್ಯಾನದಲ್ಲಿ ಮೇಲೊಂದು ಮನೆ, ಅದರ ಕೆಳಗೆ ಎರಡು, ಅದರ ಕೆಳಗೆ ಮೂರು ಎಂದು ಮನೆಗಳನ್ನು ಬರೆದು ತುಂಬಿಸುವ ಕ್ರಮವನ್ನು ಬಿಡಿಸಿ ಹೇಳಿದ್ದಾನೆ.

ಈ ಹಲಾಯುಧ ನಮಗೆ ದೂರದವನಲ್ಲ. ಅವನ ಇನ್ನೊಂದು ಕೃತಿ ‘ಕವಿರಹಸ್ಯ’ದ ನಾಯಕ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ. ಅಂದರೆ ಮಾನ್ಯಖೇಟದ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದ ದೊರೆ. ಆಮೇಲೆ ಹಲಾಯುಧ ಮಾಳವದ ಮುಂಜನ ಆಸ್ಥಾನಕ್ಕೆ ಹೋದ, ವ್ಯಾಖ್ಯಾನ ಬರೆದದ್ದು ಅಲ್ಲಿ. ಅವನಿಗಿಂತ ನೂರು ವರ್ಷ ಮೊದಲು, ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಇಷ್ಟು ವಸ್ತುಗಳಿಂದ ಇಷ್ಟನ್ನು ಆರಿಸುವ ಬಗೆಗಳೆಷ್ಟು ಎಂಬುದಕ್ಕೆ ಸಾಮಾನ್ಯ ಸೂತ್ರವನ್ನು ಅದರಲ್ಲಿ ಕೊಟ್ಟ. ಆ ಗ್ರಂಥದ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ. ಇನ್ನು ಕನ್ನಡದ ಮೊದಲ ಛಂದೋಗ್ರಂಥ, ಒಂದನೆಯ ನಾಗವರ್ಮನ ‘ಛಂದೋಂಬುಧಿ’ಯೂ ಪ್ರಸ್ತಾರ, ನಷ್ಟ, ಉದ್ದಿಷ್ಟ ಮುಂತಾದ ಆರು ಲೆಕ್ಕದ ಕ್ರಮಗಳನ್ನು, ಅಂದರೆ ಷಟ್‌ಪ್ರತ್ಯಯಗಳನ್ನು, ಬಿಟ್ಟಿಲ್ಲ. ಇಷ್ಟು ಗುರು ಇರುವ ರೂಪಗಳೆಷ್ಟು ಎಂದು ಲೆಕ್ಕ ಹಾಕುವ ಲಗಕ್ರಿಯೆ ಆ ಆರರಲ್ಲಿ ಒಂದು.

ಮೊದಲು ಕಂಡವರು ಯಾರು ಎಂಬ ಜಗಳದಲ್ಲಿ ನನಗೆ ಆಸಕ್ತಿ ಕಡಿಮೆ. ಪರ್ಷಿಯಾದವರಿಗೂ ಚೀನಾದವರಿಗೂ ಈ ತ್ರಿಕೋನ ಪಾಸ್ಕಲನಿಗಿಂತ ಬಹಳ ಮೊದಲೇ ಗೊತ್ತಿತ್ತು. ನಮ್ಮವರು ಅದರ ಹತ್ತಿರ ಹೋದದ್ದು ಪದ್ಯದ ದಾರಿಯಲ್ಲಿ ಎನ್ನುವುದು ಮಾತ್ರ ನನಗೆ ಮುಖ್ಯ.

ಪದ್ಯದ ದಾರಿ ಎಂದಾಗ ಹರಿಹರ ನೆನಪಾಗುತ್ತದೆ. ತುಂಗಭದ್ರೆಯ ದಂಡೆಯ ಹರಿಹರೇಶ್ವರ ದೇವಸ್ಥಾನವನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಕತ್ತಿ ಹಿಡಿದವನೇ ಲೇಖನಿಯನ್ನೂ ಹಿಡಿದಿದ್ದ. ‘ಹರಿಚಾರಿತ್ರ’ ಬರೆದ ಕವಿಯೆಂದು ಸಾಹಿತ್ಯ ಚರಿತ್ರೆಯಲ್ಲಿ ಅವನ ಹೆಸರಿದೆ. ಹೊಯ್ಸಳರ ಕಾಲದ ದೊಡ್ಡ ಶಾಸನಗಳೆಂದರೆ ಬರೀ ದಾನದ ಲೆಕ್ಕವಲ್ಲ, ಕಂದ ಮತ್ತು ವೃತ್ತಗಳ ಮೆರವಣಿಗೆ. ಅಂಥ ವೃತ್ತಗಳಲ್ಲಿ ಎರಡನ್ನು ಮೇರುವಿನ ಮೇಲೆ ಇಟ್ಟು ನೋಡೋಣ.

ಉತ್ಪಲಮಾಲೆಗೂ ಮತ್ತೇಭವಿಕ್ರೀಡಿತಕ್ಕೂ ಪಾದಕ್ಕೆ 20 ಅಕ್ಷರ. 20 ಅಕ್ಷರಗಳನ್ನು ಗುರು, ಲಘುಗಳಿಂದ ತುಂಬುವ ಬಗೆಗಳು ಒಟ್ಟು 10,48,576. ಉತ್ಪಲಮಾಲೆಯ ಗಣಗಳು ಭ, ರ, ನ, ಭ, ಭ, ರ, ಆಮೇಲೆ ಒಂದು ಲಘು, ಒಂದು ಗುರು. ಎಣಿಸಿದರೆ 8 ಗುರು, 12 ಲಘು. ಇಷ್ಟೇ ಗುರು, ಇಷ್ಟೇ ಲಘು ಇರುವ ರೂಪಗಳು 1,25,970. ಮತ್ತೇಭವಿಕ್ರೀಡಿತದ್ದು ಸ, ಭ, ರ, ನ, ಮ, ಯ, ಲಘು, ಗುರು. ಎಣಿಸಿ: ಗುರು 10, ಲಘು 10. ತುದಿಯ ಒಂಟಿ ಮನೆಯನ್ನು ಬಿಟ್ಟು ಎಣಿಸಿದರೆ, ಮೇರುವಿನ ಇಪ್ಪತ್ತನೆಯ ಸಾಲಿನ ನಟ್ಟನಡುವಿನ ಮನೆ ಅದು. ಆ ಸಾಲಿನ ಅತಿದೊಡ್ಡ ಸಂಖ್ಯೆ 1,84,756 ಅಲ್ಲಿದೆ. ಅಷ್ಟು ರೂಪಗಳಲ್ಲಿ ಕನ್ನಡ ಕವಿಗಳ ಕಿವಿ ಒಂದನ್ನು ಹಿಡಿದು ಪಂಪನಿಂದ ಶಾಸನಕವಿಗಳವರೆಗೆ ಬಿಡದೆ ಬಳಸಿತು. ಗಣಿತ ಎಲ್ಲ ರೂಪಗಳನ್ನೂ ಸಮನಾಗಿ ಎಣಿಸುತ್ತದೆ. ಕಿವಿಗೆ ಮಾತ್ರ ಎಲ್ಲವೂ ಸಮ ಅಲ್ಲ.

ಈಗ ನಮ್ಮೂರು ದಾವಣಗೆರೆಗೆ ಬರೋಣ. ಬೆಣ್ಣೆದೋಸೆಯ ಊರು ಎಂದು ಹೊರಗಿನವರು ಹೇಳುತ್ತಾರೆ, ಸಂಜೆಯಾದರೆ ಊರು ನಡೆಯುವುದು ಮಂಡಕ್ಕಿ, ಮೆಣಸಿನಕಾಯಿಯ ಮೇಲೆ. ಮಂಡಕ್ಕಿ ಅಂಗಡಿಯವನ ಮುಂದೆ ಆರು ಡಬ್ಬಿ ಇವೆ ಎನ್ನಿ: ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ, ಕೊತ್ತಂಬರಿ, ಶೇಂಗಾ, ಪುಠಾಣಿ ಹಿಟ್ಟು. ಗಿರಾಕಿ ಒಬ್ಬ ಈರುಳ್ಳಿ ಬೇಡ ಎನ್ನುತ್ತಾನೆ, ಇನ್ನೊಬ್ಬಳು ಖಾರ ಬೇಡ ಎನ್ನುತ್ತಾಳೆ. ಎಷ್ಟು ಬಗೆಯ ಪೊಟ್ಟಣ ಕಟ್ಟಬಹುದು? ಏನೂ ಹಾಕದ ಬರೀ ಮಂಡಕ್ಕಿ 1 ಬಗೆ, ಒಂದನ್ನೇ ಹಾಕಿದರೆ 6, ಎರಡು ಹಾಕಿದರೆ 15, ಮೂರು ಹಾಕಿದರೆ 20, ನಾಲ್ಕಕ್ಕೆ 15, ಐದಕ್ಕೆ 6, ಎಲ್ಲ ಹಾಕಿದರೆ 1. ಒಟ್ಟು 64. ಮೇರುವಿನ ಆರನೆಯ ಸಾಲು.

ಮಹಾವೀರಾಚಾರ್ಯ ಕೇಳಿದ ಲೆಕ್ಕವೂ ಇದೇ ಜಾತಿಯದು. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರುಚಿಗಳಿಂದ ಎಷ್ಟು ಬಗೆ ಎಂದು ಅವನ ಪ್ರಶ್ನೆ. ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲೂ ಷಡ್ರಸದ ಲೆಕ್ಕ ಬರುತ್ತದೆ. ಸುಶ್ರುತ ಸಂಹಿತೆ ರಸಗಳ 63 ಬಗೆಗಳನ್ನು ಎಣಿಸಿದೆ. 64 ಯಾಕಲ್ಲ ಎಂದರೆ, ಯಾವ ರುಚಿಯೂ ಇಲ್ಲದ್ದನ್ನು ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬರೀ ಮಂಡಕ್ಕಿಯನ್ನು ನಮ್ಮೂರಿನವರೂ ತಿಂಡಿ ಎಂದು ಒಪ್ಪುವುದಿಲ್ಲ.

ಇಲ್ಲಿಯವರೆಗಿನದು ಮನುಷ್ಯ ಆರಿಸಿ ಜೋಡಿಸಿದ್ದು. ಪ್ರಕೃತಿಯಲ್ಲಿ ಇದು ಎಲ್ಲಿದೆ ಎಂದರೆ, 1909ರಲ್ಲಿ ಸ್ವೀಡನ್ನಿನ ತಳಿವಿಜ್ಞಾನಿ ಹರ್ಮನ್ ನಿಲ್ಸನ್-ಎಹ್ಲೆ ಗೋಧಿಯಲ್ಲಿ ಕಂಡದ್ದನ್ನು ನೋಡಬೇಕು. ಕೆಂಪು ಕಾಳಿನ ಗೋಧಿಗೂ ಬಿಳಿ ಕಾಳಿನ ಗೋಧಿಗೂ ಅಡ್ಡತಳಿ ಮಾಡಿದಾಗ ಕೆಲವು ಜೋಡಿಗಳ ಮೊಮ್ಮಕ್ಕಳಲ್ಲಿ 63 ಕೆಂಪಿಗೆ 1 ಬಿಳಿ ಎಂಬ ಪ್ರಮಾಣ ಬಂತು. ಬಣ್ಣ ಕೊಡುವ ವಂಶವಾಹಿ ಜೋಡಿಗಳು ಮೂರು, ಅಂದರೆ ಆರು ಜಾಗ. ಪ್ರತಿ ಜಾಗದಲ್ಲೂ ಕೆಂಪಿನ ಅಂಶ ಇರಬಹುದು, ಇಲ್ಲದಿರಬಹುದು. ಆರೂ ಇದ್ದರೆ ಗಾಢ ಕೆಂಪು, ಐದಿದ್ದರೆ ಸ್ವಲ್ಪ ತೆಳು, ಹೀಗೆ ಇಳಿಯುತ್ತ 1, 6, 15, 20, 15, 6, 1. ಒಂದೂ ಇಲ್ಲದ್ದು ಬಿಳಿ, ಅದು 64ರಲ್ಲಿ ಒಂದೇ. ಸುಶ್ರುತನ 63, ನಿಲ್ಸನ್-ಎಹ್ಲೆಯ 63 ಒಂದೇ ಆಗಿರುವುದು ಪವಾಡವೇನಲ್ಲ. ಆರು ಜಾಗ, ಪ್ರತಿ ಜಾಗಕ್ಕೂ ಎರಡೇ ಸಾಧ್ಯತೆ ಎಂದ ಕೂಡಲೇ ಬೇರೆ ದಾರಿಯೇ ಇಲ್ಲ.

ಇನ್ನೊಂದು ಉದಾಹರಣೆ ನಮ್ಮ ಜಿಲ್ಲೆಯ ಕುಕ್ಕುವಾಡದ್ದು. ಅಲ್ಲಿನ ಸಕ್ಕರೆ ಕಾರ್ಖಾನೆ ಇಥೆನಾಲನ್ನೂ ತಯಾರಿಸುತ್ತದೆ. ಪೆಟ್ರೋಲಿಗೆ ಬೆರೆಸುವುದೂ ಇದನ್ನೇ. ಇಥೆನಾಲಿನ ಅಣುವಿನಲ್ಲಿ ಒಂದು ಇಂಗಾಲಕ್ಕೆ ಮೂರು ಹೈಡ್ರೋಜನ್, ಪಕ್ಕದ ಇಂಗಾಲಕ್ಕೆ ಎರಡು, ಆಚೆ ಆಮ್ಲಜನಕಕ್ಕೆ ಒಂದು ಅಂಟಿಕೊಂಡಿವೆ. ಅದನ್ನು ಬಲವಾದ ಆಯಸ್ಕಾಂತದಲ್ಲಿಟ್ಟು ರೇಡಿಯೊ ತರಂಗ ಹಾಯಿಸಿ ನೋಡುವ ಎನ್‌ಎಂಆರ್ ಎಂಬ ಯಂತ್ರವಿದೆ. ಆಸ್ಪತ್ರೆಯ ಎಂಆರ್‌ಐಗೂ ಇದೇ ಮೂಲ. 1951ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಆರ್ನಾಲ್ಡ್, ಧರ್ಮಟ್ಟಿ, ಪ್ಯಾಕಾರ್ಡ್ ಎಂಬ ಮೂವರು ಇಥೆನಾಲಿನ ಹೈಡ್ರೋಜನ್‌ಗಳು ಮೂರು ಬೇರೆ ಬೇರೆ ಸಂಕೇತ ಕೊಡುವುದನ್ನು ತೋರಿಸಿದರು. ಇವರಲ್ಲಿ ಎಸ್. ಎಸ್. ಧರ್ಮಟ್ಟಿ ಆಮೇಲೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದು ಎನ್‌ಎಂಆರ್ ಸಂಶೋಧನೆಗೆ ಅಡಿಪಾಯ ಹಾಕಿದರು.

ಯಂತ್ರ ಇನ್ನಷ್ಟು ಸೂಕ್ಷ್ಮವಾದ ಮೇಲೆ ಒಂದೊಂದು ಸಂಕೇತವೂ ಸೀಳಿ ಕಂಡಿತು. ಎರಡು ಹೈಡ್ರೋಜನ್‌ಗಳ ಸಂಕೇತ ನಾಲ್ಕು ಗೆರೆಗಳಾಗಿ ಬರುತ್ತದೆ, ಅವುಗಳ ಎತ್ತರದ ಪ್ರಮಾಣ 1:3:3:1. ಪಕ್ಕದ ಮೂರು ಹೈಡ್ರೋಜನ್‌ಗಳೇ ಇದಕ್ಕೆ ಕಾರಣ. ಅವು ಒಂದೊಂದೂ ಪುಟ್ಟ ಆಯಸ್ಕಾಂತ. ಹೊರಗಿನ ಕ್ಷೇತ್ರದ ಜೊತೆಗೋ ಎದುರಿಗೋ, ಎರಡರಲ್ಲಿ ಒಂದು ದಿಕ್ಕಿಗೆ ನಿಲ್ಲುತ್ತವೆ. ಜೊತೆಗಿರುವುದನ್ನು ಗುರು ಎನ್ನಿ, ಎದುರಿರುವುದನ್ನು ಲಘು ಎನ್ನಿ. ಮೂರೂ ಜೊತೆಗೆ: ಮಗಣ. ಎರಡು ಜೊತೆಗೆ, ಒಂದು ಎದುರು: ಯ, ರ, ತ. ಒಂದು ಜೊತೆಗೆ, ಎರಡು ಎದುರು: ಭ, ಜ, ಸ. ಮೂರೂ ಎದುರು: ನಗಣ. ಯಂತ್ರ ಬರೆದುಕೊಡುವ ಗೆರೆಗಳು ಎಂಟು ಗಣಗಳ ಲೆಕ್ಕವೇ. ಅತ್ತ ಮೂರು ಹೈಡ್ರೋಜನ್‌ಗಳ ಸಂಕೇತ ಪಕ್ಕದ ಎರಡರಿಂದಾಗಿ 1:2:1 ಎಂದು ಸೀಳುತ್ತದೆ. ಕೊರೊನಾ ಕಾಲದಲ್ಲಿ ನಾವೆಲ್ಲ ಕೈಗೆ ಉಜ್ಜಿಕೊಂಡ ಎಷ್ಟೋ ಸ್ಯಾನಿಟೈಸರ್‌ಗಳಲ್ಲಿದ್ದ ಐಸೊಪ್ರೊಪೈಲ್ ಆಲ್ಕೊಹಾಲನ್ನು ತೆಗೆದುಕೊಂಡರೆ, ನಡುವಿನ ಹೈಡ್ರೋಜನ್‌ಗೆ ಅಕ್ಕಪಕ್ಕ ಆರು ನೆರೆಯವರು. ಅದರ ಸಂಕೇತ ಏಳು ಗೆರೆ: 1, 6, 15, 20, 15, 6, 1. ಮಂಡಕ್ಕಿ ಪೊಟ್ಟಣದ ಸಾಲು.

ಈಗ ಅಕ್ಷರ ಬಿಟ್ಟು ಮಾತ್ರೆ ಹಿಡಿಯೋಣ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಐದು ಮಾತ್ರೆಯ ಗಣ ಎಷ್ಟು ಬಗೆ? ಐದೂ ಲಘು 1 ಬಗೆ. ಒಂದು ಗುರು, ಮೂರು ಲಘು ಇದ್ದರೆ ಗುರುವಿಗೆ ನಾಲ್ಕು ಜಾಗ, 4 ಬಗೆ. ಎರಡು ಗುರು, ಒಂದು ಲಘು 3 ಬಗೆ. ಒಟ್ಟು 8. ಆ 1, 4, 3 ಮೇರುವಿನ ಐದನೆಯ, ನಾಲ್ಕನೆಯ, ಮೂರನೆಯ ಸಾಲುಗಳಿಂದ ಓರೆಯಾಗಿ ಎತ್ತಿಕೊಂಡ ಸಂಖ್ಯೆಗಳು. ಹೀಗೆ ಓರೆಯಾಗಿ ಕೂಡುತ್ತ ಹೋದರೆ 1, 2, 3, 5, 8, 13, 21, 34. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಜಗತ್ತು ಇದನ್ನು ಫಿಬೊನಾಚಿ ಸರಣಿ ಎನ್ನುತ್ತದೆ. ಇಟಲಿಯ ಫಿಬೊನಾಚಿ ಮೊಲಗಳ ಲೆಕ್ಕ ಬರೆದದ್ದು 1202ರಲ್ಲಿ, ಪ್ರಾಕೃತ ಛಂದಸ್ಸಿನ ವಿರಹಾಂಕ ಅದಕ್ಕಿಂತ ಶತಮಾನಗಳ ಹಿಂದೆ, ಹೇಮಚಂದ್ರ ಸುಮಾರು 50 ವರ್ಷ ಹಿಂದೆ ಮಾತ್ರೆಗಳ ಲೆಕ್ಕದಲ್ಲಿ ಇದನ್ನು ಹೇಳಿದ್ದರು.

ಷಟ್ಪದಿ ಓದಿದವರಿಗೆ ಇಲ್ಲೊಂದು ತಮಾಷೆ ಇದೆ. ಷಟ್ಪದಿಯಲ್ಲಿ ಗಣ ಲಘು-ಗುರುವಿನಿಂದ ಶುರುವಾಗಬಾರದೆಂಬ ಕಟ್ಟುಪಾಡಿದೆಯಲ್ಲ, ಅದನ್ನು ಪಾಲಿಸಿದರೆ ಮೂರು ಮಾತ್ರೆಗೆ ಉಳಿಯುವುದು 2 ಬಗೆ, ನಾಲ್ಕಕ್ಕೆ 4, ಐದಕ್ಕೆ 6. ಆರು ಮಾತ್ರೆಯ ಗಣ ಮಾಡಿದ್ದರೆ 10 ಆಗುತ್ತಿತ್ತು. 1, 2, 3, 5ರ ಇಮ್ಮಡಿ! ಗಣ ಶುರುವಾಗಬೇಕಾದ್ದು ಒಂದು ಗುರುವಿನಿಂದ ಇಲ್ಲವೇ ಎರಡು ಲಘುವಿನಿಂದ. ಎರಡು ಮಾತ್ರೆ ಅಲ್ಲಿಗೆ ಖರ್ಚು, ಉಳಿದದ್ದು ಸ್ವತಂತ್ರ. ಹಾಗಾಗಿ ಇಮ್ಮಡಿ. ಕುಮಾರವ್ಯಾಸನ ಭಾಮಿನಿಯ ಮೂರು-ನಾಲ್ಕು ಮಾತ್ರೆಗಳ ಕುಣಿತ ನಡೆದದ್ದು ಒಂದು ಗಣಕ್ಕೆ ಎರಡೇ, ಮುಂದಿನದಕ್ಕೆ ನಾಲ್ಕೇ ರೂಪಗಳ ಇಕ್ಕಟ್ಟಿನಲ್ಲಿ.

ಈ ಸಂಖ್ಯೆಗಳು ಮರದ ಮೇಲೂ ಇವೆ. ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿದ್ದ ಟಿ. ಎ. ಡೇವಿಸ್ ತಾಳೆ ಜಾತಿಯ ಮರಗಳ ಗರಿಗಳು ಎಷ್ಟು ಸುರುಳಿಗಳಲ್ಲಿ ಮೇಲೇರುತ್ತವೆ ಎಂದು ಎಣಿಸಿ 1971ರಲ್ಲಿ ಬರೆದರು. ಅಡಿಕೆಗೆ ಒಂದು ಸುರುಳಿ, ತಾಟಿನಿಂಗಿನ ತಾಳೆಮರಕ್ಕೆ ಮೂರು, ತೆಂಗಿಗೆ ಐದು, ಈಚಲಿಗೆ ಎಂಟು. ಎರಡು ಸುರುಳಿಯ ಸಕ್ಕರೆ ತಾಳೆ ನಮ್ಮ ಕಡೆ ಕಾಣುವ ಮರವಲ್ಲ. ಉಳಿದವನ್ನು ನೋಡಲು ದೂರ ಹೋಗಬೇಕಿಲ್ಲ. ಭದ್ರಾ ನಾಲೆಯ ನೀರು ಹರಿದ ಕಡೆಯೆಲ್ಲ ಈಗ ಅಡಿಕೆ ತೋಟ, ಬದುವಿನಲ್ಲಿ ತೆಂಗು, ಹಳ್ಳದ ದಂಡೆಗೆ ಈಚಲು. ತೆಂಗಿನ ಬುಡದಲ್ಲಿ ನಿಂತು ತಲೆಯೆತ್ತಿ ಗರಿಗಳ ಸುತ್ತನ್ನು ನೋಡಿ, ಓರೆಯಾಗಿ ಏರುವ ಐದು ಸಾಲು ಕಣ್ಣಿಗೆ ಕೂರಲು ಸ್ವಲ್ಪ ಹೊತ್ತು ಬೇಕು. ಕೂತ ಮೇಲೆ ಬಿಡುವುದಿಲ್ಲ.

ಮರಕ್ಕೆ ಲೆಕ್ಕ ಬರುತ್ತದೆಂದು ಇದರ ಅರ್ಥವಲ್ಲ. ಸುಳಿಯಲ್ಲಿ ಹೊಸ ಗರಿ ಹುಟ್ಟುವುದು ಹಿಂದಿನ ಗರಿಗಳ ನಡುವೆ ಹೆಚ್ಚು ಜಾಗ ಇರುವಲ್ಲಿ. ಹಾಗೆ ಹುಟ್ಟುತ್ತ ಹೋದರೆ ಒಂದರಿಂದ ಮುಂದಿನದಕ್ಕೆ ಸುಮಾರು 137.5 ಡಿಗ್ರಿ ಅಂತರ ಬಂದು ನಿಲ್ಲುತ್ತದೆ. ಆ ಕೋನಕ್ಕೆ ಕಾಣುವ ಸುರುಳಿಗಳ ಸಂಖ್ಯೆ ಫಿಬೊನಾಚಿಯೇ ಆಗುತ್ತದೆ. 1992ರಲ್ಲಿ ಫ್ರಾನ್ಸಿನ ದೂಆದಿ ಮತ್ತು ಕೂದೆ ಎಂಬ ಭೌತವಿಜ್ಞಾನಿಗಳು ಆಯಸ್ಕಾಂತೀಯ ದ್ರವದ ಹನಿಗಳನ್ನು ಒಂದನ್ನೊಂದು ತಳ್ಳುವಂತೆ ಬೀಳಿಸಿ ಇದೇ ವಿನ್ಯಾಸ ಪಡೆದರು. ಹನಿಗೆ ಜೀವವಿಲ್ಲ, ವಂಶವಾಹಿಯೂ ಇಲ್ಲ.

ಸೂರ್ಯಕಾಂತಿಯ ಕಾಳುಗಳಲ್ಲಿ 34, 55, 89 ಸುರುಳಿ ಕಾಣುವ ವಿಷಯ ಎಲ್ಲರೂ ಬರೆಯುತ್ತಾರೆ. ಎಣಿಸಿದವರು ಕಡಿಮೆ. ಹತ್ತಿ ಗಿರಣಿಗಳಿಂದಾಗಿ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದಿತ್ತು. ಅಸಲಿ ಮ್ಯಾಂಚೆಸ್ಟರಿನವರು 2012ರಲ್ಲಿ, ಕೊನೆಯ ವರ್ಷಗಳಲ್ಲಿ ಆ ಊರಿನಲ್ಲಿ ಕೆಲಸ ಮಾಡಿದ ಗಣಿತಜ್ಞ ಅಲನ್ ಟ್ಯೂರಿಂಗ್ ಹುಟ್ಟಿ ನೂರು ವರ್ಷವಾದ ನೆಪದಲ್ಲಿ, ಸಾರ್ವಜನಿಕರಿಂದ ಸೂರ್ಯಕಾಂತಿ ಬೆಳೆಸಿ ಎಣಿಸಿದರು. 2016ರಲ್ಲಿ ಪ್ರಕಟವಾದ ವರದಿಯಲ್ಲಿ 657 ಹೂಗಳ ಲೆಕ್ಕವಿದೆ. ಬಹುಪಾಲು ಫಿಬೊನಾಚಿಗೆ ಹೊಂದಿದವು, ಹೊಂದದವೂ ಸಾಕಷ್ಟಿದ್ದವು. ಆ ವರದಿಯ ಬೆಲೆ ಇರುವುದು ಹೊಂದದ್ದನ್ನೂ ಬರೆದಿಟ್ಟದ್ದರಲ್ಲಿ.

ಯಾಕೆಂದರೆ ಈ ವಿಷಯದಲ್ಲಿ ಬುರುಡೆ ಜಾಸ್ತಿ. ಶಂಖದಲ್ಲಿ, ಮನುಷ್ಯನ ಮುಖದಲ್ಲಿ, ದೇವಸ್ಥಾನದ ಕಂಬದಲ್ಲಿ ಎಲ್ಲೆಲ್ಲೂ ಫಿಬೊನಾಚಿ ಎಂದು ವಾಟ್ಸ್‌ಆ್ಯಪಿನಲ್ಲಿ ಬರುತ್ತದೆ. ಹರಿಹರೇಶ್ವರನ ಗುಡಿಯ ಕಂಬಗಳು ಚೆಂದ ಇವೆ, ಅವುಗಳಿಗೆ ಈ ಸರಣಿಯ ಹಂಗು ಬೇಕಿಲ್ಲ. ನಮ್ಮ ಜಿಲ್ಲೆಯ ಮುಖ್ಯ ಬೆಳೆ ಮೆಕ್ಕೆಜೋಳವನ್ನೇ ನೋಡಿ. ತೆನೆಯ ಮೇಲಿನ ಕಾಳಿನ ಸಾಲುಗಳನ್ನು ಎಣಿಸಿದರೆ 12, 14, 16 ಹೀಗೆ ಸರಿಸಂಖ್ಯೆ ಬರುತ್ತದೆ. ಹೂಗಳು ಜೋಡಿ ಜೋಡಿಯಾಗಿ ಹುಟ್ಟುವುದರಿಂದ ಹಾಗೆ. 13 ಅಥವಾ 21 ಸಾಲು ಹುಡುಕುತ್ತ ಎಪಿಎಂಸಿ ಯಾರ್ಡಿನಲ್ಲಿ ದಿನವಿಡೀ ಕೂತರೂ ಪ್ರಯೋಜನವಿಲ್ಲ.

ಹೈಸ್ಕೂಲಿನ ಕನ್ನಡ ಮತ್ತು ಗಣಿತ ಮೇಷ್ಟ್ರುಗಳಲ್ಲಿ ಒಂದು ಕೇಳಿಕೆ. ತೆಂಗಿನ ಸುರುಳಿ ಕೆಲವು ಮರದಲ್ಲಿ ಎಡಕ್ಕೆ, ಕೆಲವು ಮರದಲ್ಲಿ ಬಲಕ್ಕೆ ತಿರುಗಿರುತ್ತದೆ. ತಾಯಿಮರ ಎಡಗೈಯದಾದರೆ ಸಸಿಯೂ ಎಡಗೈಯದು ಎಂಬ ನಿಯಮವಿಲ್ಲ, ಇದು ವಂಶದಿಂದ ಬರುವ ಗುಣವಲ್ಲವೆಂದು ಡೇವಿಸ್ 1962ರಲ್ಲೇ ಪ್ರಕಟಿಸಿದ್ದರು. ಎಡ, ಬಲ ಹೆಚ್ಚುಕಡಿಮೆ ಅರ್ಧರ್ಧ. ಅಂದಮೇಲೆ ನಾಲ್ಕು ನಾಲ್ಕು ಮರಗಳ ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಎಡಗೈಯವು ಎಷ್ಟೆಂದು ಬರೆದರೆ 1, 4, 6, 4, 1ರ ಪ್ರಮಾಣಕ್ಕೆ ಹತ್ತಿರ ಬರಬೇಕು. 64 ಗುಂಪಿಗೆ 256 ಮರ ಸಾಕು. ಸುಮಾರು 4, 16, 24, 16, 4 ಬಂದರೆ ಸರಿ. ದಾವಣಗೆರೆ, ಹರಿಹರದ ಆಸುಪಾಸು ಅಷ್ಟು ತೆಂಗಿನ ಮರಕ್ಕೆ ಬರವಿಲ್ಲ. ಒಂದು ಶನಿವಾರ ಬೆಳಗಿನ ಕ್ಲಾಸು ಬಿಟ್ಟ ಮೇಲೆ ಇಬ್ಬರೂ ಮೇಷ್ಟ್ರು ಒಟ್ಟಿಗೆ ಮಕ್ಕಳನ್ನು ತೋಟಕ್ಕೆ ಕರೆದುಕೊಂಡು ಹೋಗಿ. ತೋಟದವರನ್ನು ಮೊದಲೇ ಕೇಳಿಕೊಳ್ಳಿ, ಬಂದ ಅಂಕಿಗಳನ್ನು ತಿದ್ದದೆ ಶಾಲೆಯ ಗೋಡೆಗೆ ಅಂಟಿಸಿ.